ತಪ್ಪು ಓದಿಸಿ ಕೊಲ್ಲುವ ಮದ್ದು

1948ರವರೆಗೆ ಭೀಮಾ ಹೊಳೆಯ ಎರಡು ದಂಡೆಗೆ ಎರಡು ಸರಕಾರ. ಅಫಜಲಪುರ, ಹವಳಗಾ, ಗಾಣಗಾಪುರದ ಕಡೆ ನಿಜಾಮನ ಆಳ್ವಿಕೆ. ಹೊಳೆ ದಾಟಿ ಇಂಡಿ, ಸಿಂದಗಿ ಕಡೆ ಹೋದರೆ ಮುಂಬಯಿ ಪ್ರಾಂತ್ಯ. ಆ ವರ್ಷ ಸೆಪ್ಟೆಂಬರ್ 17ರಂದು ನಿಜಾಮ ಶರಣಾದ. ಅದಾಗಿ ಸುಮಾರು ಆರು ವಾರಕ್ಕೆ, ಅಕ್ಟೋಬರ್ 30ರಂದು, ಲಂಡನ್ನಿನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ವರದಿ ಅಚ್ಚಾಯಿತು. ರಜಾಕಾರರ ಹಾವಳಿಯಿಂದ ಆಗಷ್ಟೇ ಉಸಿರು ಬಿಟ್ಟಿದ್ದ ಈ ಸೀಮೆಯ ಹಳ್ಳಿಗಳಿಗೆ ಅದರ ಸುದ್ದಿ ಬರುವ ದಾರಿಯೇ ಇರಲಿಲ್ಲ. ಆದರೆ ಮುಂದಿನ ಐವತ್ತು ವರ್ಷ ಇಲ್ಲಿ ಕ್ಷಯ ಹತ್ತಿದವರ ಹಣೆಬರಹಕ್ಕೂ ಆ ವರದಿಗೂ ನೇರ ನಂಟಿತ್ತು.

ವರದಿಯಲ್ಲಿದ್ದದ್ದು 107 ಕ್ಷಯರೋಗಿಗಳ ಲೆಕ್ಕ. 55 ಜನರಿಗೆ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಸೂಜಿಮದ್ದು ಮತ್ತು ವಿಶ್ರಾಂತಿ. ಉಳಿದ 52 ಜನರಿಗೆ ಬರೀ ವಿಶ್ರಾಂತಿ. ಯಾರಿಗೆ ಯಾವುದು ಎಂಬುದನ್ನು ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಚೀಟಿ ಎತ್ತಿದಂಥ ಕ್ರಮದಲ್ಲಿ ನಿಗದಿ ಮಾಡಿದ್ದರು. ಯುದ್ಧ ಮುಗಿಸಿ ಬರಿಗೈಯಾಗಿದ್ದ ಬ್ರಿಟನ್ ಬಳಿ ಎಲ್ಲರಿಗೂ ಸಾಲುವಷ್ಟು ಮದ್ದೇ ಇರಲಿಲ್ಲ. ಆರು ತಿಂಗಳಲ್ಲಿ ಸೂಜಿ ತಗೊಂಡವರಲ್ಲಿ ಸತ್ತವರು 4, ತಗೊಳ್ಳದವರಲ್ಲಿ 14. ಕ್ಷಯಕ್ಕೆ ಮದ್ದು ಸಿಕ್ಕಿತೆಂದು ಜಗತ್ತು ಕುಣಿಯಿತು. ಐದು ವರ್ಷದ ನಂತರ ಅದೇ ರೋಗಿಗಳನ್ನು ಮತ್ತೆ ಎಣಿಸಿದಾಗ ಕುಣಿತ ನಿಂತಿತು. ಮೊದಲ ಗುಂಪಿನಲ್ಲಿ 32 ಜನ ತೀರಿಕೊಂಡಿದ್ದರು, ಎರಡನೆಯದರಲ್ಲಿ 35. ಬ್ಯಾಕ್ಟೀರಿಯಾ ಮದ್ದಿಗೆ ಜಗ್ಗದಂತಾಗಿತ್ತು.

ಆ ಮದ್ದು ಬ್ಯಾಕ್ಟೀರಿಯಾವನ್ನು ಹೇಗೆ ಕೊಲ್ಲುತ್ತದೆ, ಬ್ಯಾಕ್ಟೀರಿಯಾ ಹೇಗೆ ತಪ್ಪಿಸಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಆಗ ಯಾರ ಬಳಿಯೂ ಉತ್ತರವಿರಲಿಲ್ಲ. ಉತ್ತರ ಬಿಡಿಬಿಡಿಯಾಗಿ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬರುತ್ತಲೇ ಹೋಯಿತು. ಸ್ಟ್ರೆಪ್ಟೊಮೈಸಿನ್ ಕಥೆಯೆಂದರೆ ಜನಕ್ಕೆ ನೆನಪಾಗುವುದು ಅದು ಸಿಕ್ಕ ಕಥೆ, ಅದರ ಹಿಂದಿನ ಜಗಳ. ನ್ಯೂಜೆರ್ಸಿಯ ರಟ್ಗರ್ಸ್ ಕಾಲೇಜಿನ ನೆಲಮಾಳಿಗೆಯಲ್ಲಿ 23 ವರ್ಷದ ಆಲ್ಬರ್ಟ್ ಶಾಟ್ಸ್ 1943ರ ಅಕ್ಟೋಬರ್ 19ರಂದು ಅದನ್ನು ಗುರುತಿಸಿದ. 1944ರ ಮೊದಲ ಪ್ರಬಂಧದಲ್ಲಿ ಅವನ ಹೆಸರಿನ ಜೊತೆ ಎಲಿಜಬೆತ್ ಬ್ಯೂಜಿ ಮತ್ತು ಗುರು ಸೆಲ್ಮನ್ ವಾಕ್ಸ್‌ಮನ್ ಹೆಸರಿದ್ದವು. 1952ರ ನೊಬೆಲ್ ಮಾತ್ರ ಗುರುವಿಗೊಬ್ಬನಿಗೇ ಹೋಯಿತು. ನಡುವೆ 1950ರಲ್ಲಿ ಶಿಷ್ಯ ಗುರುವಿನ ಮೇಲೆ ಕೋರ್ಟಿಗೂ ಹೋಗಿದ್ದ. ಅನ್ಯಾಯ ಆಗಿದ್ದು ನಿಜ, ಅದನ್ನು ಬೇಕಾದಷ್ಟು ಜನ ಬರೆದಿದ್ದಾರೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಕಥೆ ಮದ್ದು ಬ್ಯಾಕ್ಟೀರಿಯಾದ ಹೊಟ್ಟೆಯೊಳಗೆ ಹೊಕ್ಕ ಮೇಲೆ ಶುರುವಾಗುತ್ತದೆ.

ಮೊದಲ ಸುಳಿವು 1947ರಲ್ಲೇ ಸಿಕ್ಕಿತ್ತು. ಫಿಲಿಪ್ ಮಿಲ್ಲರ್ ಮತ್ತು ಮಾರ್ಜೊರಿ ಬಾನ್‌ಹಾಫ್ ಎಂಬಿಬ್ಬರು ಮಿದುಳುಪೊರೆಯ ಉರಿಯೂತ ತರುವ ಬ್ಯಾಕ್ಟೀರಿಯಾವನ್ನು ಈ ಮದ್ದಿನಲ್ಲಿ ಬೆಳೆಸುತ್ತಿದ್ದರು. ಕೆಲವು ಸತ್ತವು, ಕೆಲವು ಮದ್ದಿಗೆ ಜಗ್ಗದೆ ಬದುಕಿದವು. ಮೂರನೆಯ ಬಗೆಯೊಂದು ಮಾತ್ರ ಅವರನ್ನು ದಂಗುಬಡಿಸಿತು: ಮದ್ದು ಇಲ್ಲದಿದ್ದರೆ ಅವು ಬೆಳೆಯುತ್ತಲೇ ಇರಲಿಲ್ಲ. ವಿಷವೇ ಅನ್ನವಾಗಿಬಿಟ್ಟಿತ್ತು. ಇದಕ್ಕೆ ಅರ್ಥ ಹಚ್ಚಲು ಇನ್ನೂ ಹದಿನೇಳು ವರ್ಷ ಬೇಕಾಯಿತು.

ಆ ನಡುವಿನ ಕಾಲದಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ಬರ್ನಾರ್ಡ್ ಡೇವಿಸ್ ಅವರ ಪ್ರಯೋಗಾಲಯಕ್ಕೆ ಭಾರತದಿಂದ ಒಬ್ಬ ರಸಾಯನಶಾಸ್ತ್ರಜ್ಞ ಬಂದರು. ಹೆಸರು ನಿತ್ಯಾನಂದ್, ಮುಂದೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದವರು, ಸಹೇಲಿ ಗರ್ಭನಿರೋಧಕ ಗುಳಿಗೆಯ ಹಿಂದಿನ ವಿಜ್ಞಾನಿ. ಅವರೂ ಡೇವಿಸ್ ಅವರೂ 1960ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದದ್ದು ಇದು: ಸ್ಟ್ರೆಪ್ಟೊಮೈಸಿನ್ ತಗಲಿದ ಬ್ಯಾಕ್ಟೀರಿಯಾದ ಪೊರೆ ಸೋರತೊಡಗುತ್ತದೆ. ಮೊದಲು ಮದ್ದು ಚೂರೇ ಒಳಗೆ ಹೋಗುತ್ತದೆ. ಪೊರೆ ಹಾಳಾದ ಮೇಲೆ ನೆರೆಯಂತೆ ನುಗ್ಗುತ್ತದೆ. ಹಾಗಾದರೆ ಮದ್ದಿನ ಗುರಿ ಪೊರೆಯೇ ಇರಬೇಕು ಎಂದು ಆಗ ತೋರಿತು. ಅದು ಅರ್ಧ ಸರಿ. ಉಳಿದರ್ಧ ತಿಳಿಯಲು ಪ್ರೋಟೀನ್ ಹೇಗೆ ತಯಾರಾಗುತ್ತದೆ ಎಂಬುದು ಗೊತ್ತಿರಬೇಕಿತ್ತು. 1960ರಲ್ಲಿ ಅದೇ ಸ್ಪಷ್ಟವಿರಲಿಲ್ಲ.

ಮರುವರ್ಷವೇ ಆ ಬಾಗಿಲು ತೆರೆಯಿತು. 1961ರಲ್ಲಿ ಮಾರ್ಷಲ್ ನಿರೆನ್‌ಬರ್ಗ್ ಮತ್ತು ಹೈನ್ರಿಕ್ ಮಥಾಯ್, ‘ಯು’ ಎಂಬ ಒಂದೇ ಅಕ್ಷರ ಸಾಲಾಗಿರುವ ಆರ್‌ಎನ್‌ಎ ಎಳೆಯನ್ನು ಕೊಟ್ಟರೆ ಬ್ಯಾಕ್ಟೀರಿಯಾದ ರಸ ಫೀನೈಲ್‌ಅಲನಿನ್ ಎಂಬ ಒಂದೇ ಅಮೈನೋ ಆಮ್ಲದ ಸರವನ್ನು ಕಟ್ಟುತ್ತದೆಂದು ತೋರಿಸಿದರು. ಜೀವದ ಲಿಪಿ ಓದಲು ಬಂತು. ಮೂರು ಮೂರು ಅಕ್ಷರಕ್ಕೆ ಒಂದು ಅಮೈನೋ ಆಮ್ಲ. ಹಳೆಯ ಮುದ್ರಣಾಲಯದಲ್ಲಿ ಹಸ್ತಪ್ರತಿ ನೋಡುತ್ತ ಒಂದೊಂದೇ ಅಚ್ಚುಮೊಳೆ ಎತ್ತಿ ಜೋಡಿಸುತ್ತಿದ್ದ ಮನುಷ್ಯನಂತೆ, ಕೋಶದೊಳಗಿನ ರೈಬೋಸೋಮ್ ಎಂಬ ಯಂತ್ರ ಆ ಎಳೆಯನ್ನು ಓದುತ್ತ ಅಮೈನೋ ಆಮ್ಲ ಜೋಡಿಸಿ ಪ್ರೋಟೀನ್ ಕಟ್ಟುತ್ತದೆ, ಇ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲಿ ಸೆಕೆಂಡಿಗೆ ಹದಿನೈದು, ಇಪ್ಪತ್ತರ ವೇಗದಲ್ಲಿ. ಮೊಳೆ ತಂದುಕೊಡುವ ಕೆಲಸ ಟಿ-ಆರ್‌ಎನ್‌ಎ ಎಂಬ ಸಣ್ಣ ಅಣುಗಳದ್ದು. ಇಷ್ಟು ಅವಸರದಲ್ಲಿ ಒಂದೂ ತಪ್ಪು ಬೀಳುವುದಿಲ್ಲವೆ?

ಬೀಳುತ್ತದೆ ಎಂದು ಹಾರ್ವರ್ಡ್‌ನಲ್ಲೇ ಇದ್ದ ಲೂಯಿಜಿ ಗೊರಿನಿಗೆ ಅನಿಸಿತು. 1903ರಲ್ಲಿ ಮಿಲಾನಿನಲ್ಲಿ ಹುಟ್ಟಿದ ಗೊರಿನಿ ಫ್ಯಾಸಿಸ್ಟರಿಗೆ ತಲೆಬಾಗದೆ ಇಟಲಿಯಲ್ಲಿ ವಿಶ್ವವಿದ್ಯಾಲಯದ ದಾರಿಯನ್ನೇ ಕಳೆದುಕೊಂಡಿದ್ದವರು. ಐವತ್ತು ದಾಟಿದ ಮೇಲೆ ಅಮೆರಿಕದಲ್ಲಿ ಹೊಸದಾಗಿ ಬದುಕು ಕಟ್ಟಿಕೊಂಡವರು. ಅವರ ಬಳಿ ಆರ್ಜಿನಿನ್ ಎಂಬ ಅಮೈನೋ ಆಮ್ಲ ತಯಾರಿಸಲಾಗದ, ಅಂದರೆ ಅದನ್ನು ತಯಾರಿಸುವ ಕಿಣ್ವದ ಬರಹದಲ್ಲೇ ದೋಷವಿದ್ದ ಇ. ಕೋಲಿ ಇದ್ದವು. ಆರ್ಜಿನಿನ್ ಹಾಕದಿದ್ದರೆ ಅವು ಬೆಳೆಯುತ್ತಿರಲಿಲ್ಲ. ಆದರೆ ಅವುಗಳಲ್ಲಿ ಸ್ಟ್ರೆಪ್ಟೊಮೈಸಿನ್‌ಗೆ ಜಗ್ಗದ ಕೆಲವಕ್ಕೆ ಅದೇ ಮದ್ದು ಹಾಕಿದರೆ, ಆರ್ಜಿನಿನ್ ಇಲ್ಲದೆಯೂ ಬೆಳೆದವು. ಬರಹ ಬದಲಾಗಿರಲಿಲ್ಲ, ಓದು ಬದಲಾಗಿತ್ತು. ಮದ್ದು ರೈಬೋಸೋಮ್‌ನ ಕಣ್ಣು ತಪ್ಪಿಸಿತ್ತು. ತಪ್ಪಾಗಿ ಬರೆದ ಅಕ್ಷರವನ್ನು ರೈಬೋಸೋಮ್ ತಪ್ಪಾಗಿ ಓದಿದ್ದರಿಂದ ಒಮ್ಮೊಮ್ಮೆ ಸರಿಯಾದ ಕಿಣ್ವ ಹೊರಬರುತ್ತಿತ್ತು. 1964ರಲ್ಲಿ ಗೊರಿನಿ ಮತ್ತು ಇವಾ ಕಟಾಯಾ ಇದನ್ನು ಪ್ರಕಟಿಸಿದರು. ಅದೇ ವರ್ಷ ಜೂಲಿಯನ್ ಡೇವಿಸ್, ವಾಲ್ಟರ್ ಗಿಲ್ಬರ್ಟ್ ಮತ್ತು ಗೊರಿನಿ ಪರೀಕ್ಷಾನಳಿಕೆಯಲ್ಲೇ ಅದನ್ನು ಖಚಿತಪಡಿಸಿದರು: ‘ಯು’ ಎಳೆಗೆ ಫೀನೈಲ್‌ಅಲನಿನ್ ಬರಬೇಕಾದಲ್ಲಿ, ಸ್ಟ್ರೆಪ್ಟೊಮೈಸಿನ್ ಸೇರಿಸಿದೊಡನೆ ಐಸೊಲ್ಯೂಸಿನ್ ಬಂದು ಕೂರತೊಡಗಿತು. ನಮ್ಮ ಹರಗೋಬಿಂದ್ ಖುರಾನಾ ಎರಡೆರಡೇ ಅಕ್ಷರ ಒಂದರ ಪಕ್ಕ ಒಂದು ಬರುವ ಆರ್‌ಎನ್‌ಎ ಎಳೆಗಳನ್ನು ತಯಾರಿಸಿ ಕೊಟ್ಟ ಮೇಲೆ, 1966ರಲ್ಲಿ ಜೂಲಿಯನ್ ಡೇವಿಸ್ ಅವರ ಜೊತೆ ಸೇರಿ ಯಾವ ಅಕ್ಷರವನ್ನು ಮದ್ದು ಹೇಗೆ ತಪ್ಪು ಓದಿಸುತ್ತದೆಂದು ಇನ್ನೂ ವಿವರವಾಗಿ ತೋರಿಸಿದರು.

ಮಿಲ್ಲರ್–ಬಾನ್‌ಹಾಫ್ ಕಂಡ ವಿಚಿತ್ರಕ್ಕೂ ಈಗ ಅರ್ಥ ಬಂತು. ರೈಬೋಸೋಮ್‌ನ ಎಸ್12 ಎಂಬ ಪ್ರೋಟೀನ್‌ನಲ್ಲಿ ಬದಲಾವಣೆಯಾದರೆ ಮದ್ದು ಹಿಡಿಯುವುದಿಲ್ಲ. 1969ರಲ್ಲಿ ಮಸಾಯಾಸು ನೊಮುರಾ ಅವರ ಗುಂಪು ಈ ಎಸ್12 ಅನ್ನು ಗುರುತಿಸಿತು. ಆ ಬದಲಾವಣೆಗಳಲ್ಲಿ ಕೆಲವು ರೈಬೋಸೋಮ್ ಅನ್ನು ಅತಿ ಕಟ್ಟುನಿಟ್ಟಿನದಾಗಿ ಮಾಡುತ್ತವೆ. ಸರಿಯಾದ ಟಿ-ಆರ್‌ಎನ್‌ಎಯನ್ನೂ ಅದು ಅನುಮಾನದಿಂದ ನೋಡಿ ತಿರುಗಿ ಕಳಿಸುತ್ತದೆ, ಕೆಲಸ ನಿಧಾನವಾಗುತ್ತದೆ, ಕೊನೆಗೆ ಬೆಳವಣಿಗೆಯೇ ನಿಲ್ಲುತ್ತದೆ. ಅಂಥ ಬ್ಯಾಕ್ಟೀರಿಯಾಕ್ಕೆ ಸ್ವಲ್ಪ ಸ್ಟ್ರೆಪ್ಟೊಮೈಸಿನ್ ಹಾಕಿದರೆ ಬಿಗಿ ಸಡಿಲವಾಗುತ್ತದೆ, ಜೀವ ಸಾಗುತ್ತದೆ. ಅದೇ 1969ರಲ್ಲಿ ಗೊರಿನಿ ಮತ್ತು ರೋಸೆ ಇದರ ವಿರುದ್ಧ ದಿಕ್ಕಿನ, ಓದಿನಲ್ಲಿ ತೀರ ಅಸಡ್ಡೆಯ ರೈಬೋಸೋಮ್‌ಗಳನ್ನೂ ಕಂಡರು. ಅಂದಮೇಲೆ ಬ್ಯಾಕ್ಟೀರಿಯಾಕ್ಕೆ ತಪ್ಪೇ ಇಲ್ಲದ ಓದು ವರವಲ್ಲ. ವೇಗಕ್ಕೂ ಎಚ್ಚರಕ್ಕೂ ನಡುವಿನ ಒಂದು ರಾಜಿಯಲ್ಲಿ ಅದು ಬದುಕುತ್ತದೆ. ಸ್ವೀಡನ್ನಿನ ಉಪ್ಸಾಲಾದಲ್ಲಿ ಚಾರ್ಲ್ಸ್ ಕುರ್ಲಾಂಡ್ ಈ ಲೆಕ್ಕವನ್ನು ಹಿಡಿದು ವರ್ಷಗಟ್ಟಲೆ ಕೂತರು.

ಆದರೆ ಮೊದಲು ತಪ್ಪು ಎಷ್ಟು ಎಂದು ಅಳೆಯಬೇಕಲ್ಲ! ಸಿಯಾಟಲ್‌ನ ಜೊನಾಥನ್ ಗ್ಯಾಲಂಟ್ ಅವರದ್ದು ಚಂದದ ಉಪಾಯ. ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲದ ಪ್ರೋಟೀನ್‌ನಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲವೇ ಇಲ್ಲ. ಅಲ್ಲಿ ಸಿಸ್ಟೀನ್ ಸಿಕ್ಕರೆ ಅದು ತಪ್ಪಿನಿಂದಲೇ ಬಂದಿರಬೇಕು. 1977ರಲ್ಲಿ ಎಡೆಲ್‌ಮನ್ ಮತ್ತು ಗ್ಯಾಲಂಟ್ ವಿಕಿರಣಶೀಲ ಗಂಧಕ ಬಳಸಿ ಅದನ್ನು ಎಣಿಸಿದರು. ಸುಮಾರು ಹತ್ತು ಸಾವಿರಕ್ಕೆ ಒಂದು. ಕಡಿಮೆ ಅನಿಸಬಹುದು. 300 ಅಮೈನೋ ಆಮ್ಲಗಳ ಒಂದು ಪ್ರೋಟೀನ್‌ಗೆ ಲೆಕ್ಕ ಹಾಕಿದರೆ ನೂರರಲ್ಲಿ ಮೂರು ಪ್ರೋಟೀನ್ ದೋಷದವು. ತಪ್ಪು ಸಾವಿರಕ್ಕೆ ಒಂದಾದರೆ ನಾಲ್ಕರಲ್ಲಿ ಒಂದು ದೋಷದ್ದು. ಹತ್ತು ಸಾವಿರಕ್ಕೆ ಒಂದು ಎಂಬಷ್ಟು ನಿಖರತೆ ಅಕ್ಷರದ ಹೊಂದಾಣಿಕೆಯೊಂದರಿಂದಲೇ ಬರುವಂಥದ್ದಲ್ಲ ಎಂದು ಭೌತಶಾಸ್ತ್ರಜ್ಞ ಜಾನ್ ಹಾಪ್‌ಫೀಲ್ಡ್ 1974ರಲ್ಲಿ ವಾದಿಸಿದ್ದರು: ರೈಬೋಸೋಮ್ ಒಂದು ಸಲ ನೋಡಿ, ಶಕ್ತಿ ಖರ್ಚು ಮಾಡಿ, ಮತ್ತೊಂದು ಸಲ ನೋಡುತ್ತದೆ. ಮರುವರ್ಷ ಫ್ರಾನ್ಸಿನ ಜಾಕ್ ನಿನಿಯೊ ಬೇರೆ ದಾರಿಯಿಂದ ಅಲ್ಲಿಗೇ ಬಂದರು. ಹಾಪ್‌ಫೀಲ್ಡ್‌ಗೆ 2024ರ ಭೌತಶಾಸ್ತ್ರದ ನೊಬೆಲ್ ಬಂದಾಗ ಪತ್ರಿಕೆಗಳೆಲ್ಲ ಕೃತಕ ಬುದ್ಧಿಮತ್ತೆಯ ಬಗ್ಗೆಯೇ ಬರೆದವು. ಈ ಕೆಲಸ ಯಾರಿಗೂ ನೆನಪಾದಂತೆ ಕಾಣಲಿಲ್ಲ.

ಈ ನಡುವೆ ಒಂದು ದೊಡ್ಡ ಹೆದರಿಕೆ ಹುಟ್ಟಿ ಸತ್ತುಹೋಯಿತು. 1963ರಲ್ಲಿ ಲೆಸ್ಲಿ ಆರ್ಗೆಲ್ ಹೇಳಿದ್ದರು: ಪ್ರೋಟೀನ್ ತಯಾರಿಸುವ ಯಂತ್ರವೂ ಪ್ರೋಟೀನ್‌ನದ್ದೇ. ತಪ್ಪು ಪ್ರೋಟೀನ್‌ನಿಂದ ಕಟ್ಟಿದ ಯಂತ್ರ ಇನ್ನೂ ಹೆಚ್ಚು ತಪ್ಪು ಮಾಡೀತು, ಅದರಿಂದ ಇನ್ನೂ ಕೆಟ್ಟ ಯಂತ್ರ, ಹೀಗೆ ಬೆಳೆದು ಜೀವಕೋಶ ಕುಸಿದೀತು. ಮುಪ್ಪಿಗೂ ಇದೇ ಕಾರಣ ಇರಬಹುದು. ಓದಿದವರು ತಲೆದೂಗುವಂಥ ವಾದ. 1979ರಲ್ಲಿ ಗ್ಯಾಲಂಟ್ ಮತ್ತು ಪಾಮರ್ ಇ. ಕೋಲಿಗೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ತಪ್ಪು ಹೆಚ್ಚಿಸಿ ಕಾದು ನೋಡಿದರು. ತಪ್ಪು ಏರಿತು, ಒಂದು ಹೊಸ ಮಟ್ಟದಲ್ಲಿ ನಿಂತಿತು. ಕುಸಿತವಿಲ್ಲ. ಕಾರಣ, ಕೆಟ್ಟ ಪ್ರೋಟೀನ್ ಅನ್ನು ಬ್ಯಾಕ್ಟೀರಿಯಾ ಸುಮ್ಮನೆ ಇಟ್ಟುಕೊಳ್ಳುವುದಿಲ್ಲ. ಆಲ್ಫ್ರೆಡ್ ಗೋಲ್ಡ್‌ಬರ್ಗ್ 1972ರಲ್ಲೇ ತೋರಿಸಿದಂತೆ ಅಂಥವನ್ನು ಅದು ಹುಡುಕಿ ಕತ್ತರಿಸುತ್ತದೆ. ಕೆಟ್ಟವು ಹೆಚ್ಚಾದರೆ, ಬಿಸಿ ತಗಲಿದಾಗ ಎಚ್ಚರಗೊಳ್ಳುವ ಜೀನ್‌ಗಳನ್ನೇ ಎಬ್ಬಿಸಿ ಕತ್ತರಿಸುವ, ಮಡಚುವ ಪ್ರೋಟೀನ್‌ಗಳನ್ನು ಹೆಚ್ಚಿಸುತ್ತದೆ. ಕತ್ತರಿಸಿ ಮುಗಿಯದ್ದು ಮುದ್ದೆಯಾಗಿ ಕೋಶದ ಹಳೆಯ ತುದಿಯಲ್ಲಿ ಸೇರುತ್ತದೆ. ಕೋಶ ಎರಡಾದಾಗ ಒಂದು ಮಗಳಿಗೆ ಆ ಹೊರೆ, ಇನ್ನೊಂದಕ್ಕೆ ಇಲ್ಲ. ಇದು ಬಯಲಾದದ್ದು 2008ರಲ್ಲಿ.

ಇಷ್ಟೆಲ್ಲ ತಡೆದುಕೊಳ್ಳುವ ಬ್ಯಾಕ್ಟೀರಿಯಾ ಹಾಗಾದರೆ ಸಾಯುವುದೇಕೆ? 1986ರಲ್ಲಿ ಬರ್ನಾರ್ಡ್ ಡೇವಿಸ್ ಇಪ್ಪತ್ತಾರು ವರ್ಷದ ಹಿಂದೆ ನಿತ್ಯಾನಂದ್ ಜೊತೆ ಕಂಡದ್ದಕ್ಕೆ ಮರಳಿದರು. ತಪ್ಪಾಗಿ ಕಟ್ಟಿದ ಪ್ರೋಟೀನ್ ಪೊರೆಗೆ ಸೇರಿದಾಗ ಅಲ್ಲಿ ತೂತು ಬೀಳುತ್ತದೆ. ಆ ತೂತಿನಿಂದ ಮದ್ದು ನುಗ್ಗಿ ರೈಬೋಸೋಮ್‌ಗಳನ್ನೆಲ್ಲ ನಿಲ್ಲಿಸುತ್ತದೆ. ರೈಬೋಸೋಮ್‌ಗೇ ಅಂಟಿದರೂ ತಪ್ಪು ಓದಿಸದ ಸ್ಪೆಕ್ಟಿನೊಮೈಸಿನ್ ಬ್ಯಾಕ್ಟೀರಿಯಾವನ್ನು ಬರೀ ತಡೆಯುತ್ತದೆ, ಕೊಲ್ಲುವುದಿಲ್ಲ ಎಂಬುದು ಅವರ ಪರವಾದ ಗಟ್ಟಿ ಸಾಕ್ಷಿ. 2008ರಲ್ಲಿ ಜೇಮ್ಸ್ ಕಾಲಿನ್ಸ್ ಗುಂಪು, ಪೊರೆಯ ಗಲಿಬಿಲಿಯಿಂದ ಹುಟ್ಟುವ ವಿಷಕಾರಿ ಆಮ್ಲಜನಕದ ಕಣಗಳೇ ಕೊನೆಯ ಪೆಟ್ಟು ಕೊಡುತ್ತವೆ ಎಂದಿತು. 2013ರಲ್ಲಿ ಎರಡು ಪ್ರಯೋಗಾಲಯಗಳು, ಆಮ್ಲಜನಕವಿಲ್ಲದೆಯೂ ಈ ಮದ್ದುಗಳು ಕೊಲ್ಲುತ್ತವೆಂದು ತೋರಿಸಿ ಅದನ್ನು ಪ್ರಶ್ನಿಸಿದವು. ವಾದ ಇನ್ನೂ ಪೂರ್ತಿ ತಣ್ಣಗಾಗಿಲ್ಲ. ನನಗೆ ಬರ್ನಾರ್ಡ್ ಡೇವಿಸ್ ಹೇಳಿದ್ದರಲ್ಲೇ ಹೆಚ್ಚು ಹುರುಳು ಕಾಣುತ್ತದೆ. ಅದಕ್ಕೆ ಬಲ ಕೊಡುವ ಮಾಹಿತಿ 2021ರಲ್ಲಿ ಜರ್ಮನಿಯ ಮರೀನಾ ರೊಡ್ನಿನಾ ಗುಂಪಿನಿಂದ ಬಂತು: ಇಂಥ ಮದ್ದು ಹಿಡಿದ ರೈಬೋಸೋಮ್ ಒಂದು ತಪ್ಪು ಮಾಡಿದ ಮೇಲೆ ಅದರ ಬೆನ್ನಿಗೇ ಎರಡು, ಮೂರು ತಪ್ಪು ಮಾಡುತ್ತದೆ. ಚದುರಿದ ತಪ್ಪನ್ನು ಕೋಶ ಹೇಗೋ ಸಂಭಾಳಿಸೀತು. ಗುಂಪಾಗಿ ಬಿದ್ದ ತಪ್ಪಿಗೆ ಪ್ರೋಟೀನ್‌ನ ಮಡಿಕೆಯೇ ಕೆಡುತ್ತದೆ.

ಮದ್ದು ಕೂರುವ ಜಾಗವನ್ನು ಕಣ್ಣಿಗೆ ಕಾಣಿಸಿದವರು ಚಿದಂಬರದಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್. 2000ದಲ್ಲಿ ಅವರ ಗುಂಪು ಸ್ಟ್ರೆಪ್ಟೊಮೈಸಿನ್ ಅಂಟಿದ ರೈಬೋಸೋಮ್‌ನ ರಚನೆ ಪ್ರಕಟಿಸಿತು. ಸರಿಯಾದ ಅಕ್ಷರ ಕೂತಾಗ ಮಾತ್ರ ಮುಚ್ಚಿಕೊಳ್ಳಬೇಕಾದ ಭಾಗವನ್ನು ಮದ್ದು ಮುಚ್ಚಿದ ಸ್ಥಿತಿಗೆ ದೂಡುತ್ತದೆ, ಹಾಗಾಗಿ ತಪ್ಪು ಅಕ್ಷರವೂ ಪಾಸಾಗುತ್ತದೆ. 2009ರಲ್ಲಿ ಅವರಿಗೆ ನೊಬೆಲ್ ಬಂತು, ಥಾಮಸ್ ಸ್ಟೈಟ್ಜ್ ಮತ್ತು ಅಡಾ ಯೊನಾತ್ ಜೊತೆ.

ಈಗ ಈ ಕಡೆ ಬರೋಣ. ಅತ್ತ ಹಾರ್ವರ್ಡ್‌ನಲ್ಲಿ ಗೊರಿನಿ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದಾಗ, ಇತ್ತ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ, ಮೈಸೂರು ಮಹಾರಾಜರದಾಗಿದ್ದ ಅವಲಾನ್ ಬಂಗಲೆಯಲ್ಲಿ, 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಮದ್ದು ಬಂದಿದೆ, ಹಳ್ಳಿಗೆ ಮುಟ್ಟಿಸುವುದು ಹೇಗೆ? 1959ರಲ್ಲೇ ಮದ್ರಾಸಿನ ಅಧ್ಯಯನವೊಂದು, ಮನೆಯಲ್ಲೇ ಇದ್ದು ಮದ್ದು ತಗೊಂಡರೂ ಆರೋಗ್ಯಧಾಮದಷ್ಟೇ ಗುಣವಾಗುತ್ತದೆಂದು ತೋರಿಸಿತ್ತು. ಬೆಂಗಳೂರಿನವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿದರು. 1963ರಲ್ಲಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಬರೆದದ್ದು ಓದಿದರೆ ಈಗಲೂ ಹೊಟ್ಟೆಯುರಿಯುತ್ತದೆ: ಕಫದಲ್ಲಿ ರೋಗಾಣು ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವಾಗಿಯೇ ದವಾಖಾನೆಗೆ ಹೋಗಿದ್ದರು, ಅವರನ್ನು ಕೆಮ್ಮಿನ ಔಷಧಿ ಕೊಟ್ಟು ಕಳಿಸಲಾಗಿತ್ತು. ಹಳ್ಳಿಯವರಿಗೆ ತಿಳಿವಳಿಕೆ ಸಾಲದು ಎಂಬ ಮಾತಿಗೆ ಅಲ್ಲಿಗೆ ಬೆಲೆ ಉಳಿಯಲಿಲ್ಲ. ಅದೇ ಸಂಸ್ಥೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಐದು ವರ್ಷ ನಡೆಸಿದ ಸಮೀಕ್ಷೆಯಲ್ಲಿ, ರೋಗಾಣು ಕಂಡವರಲ್ಲಿ ಸುಮಾರು ಅರ್ಧದಷ್ಟು ಜನ ಅಷ್ಟರೊಳಗೆ ತೀರಿಕೊಂಡಿದ್ದರು.

ಸ್ಟ್ರೆಪ್ಟೊಮೈಸಿನ್ ಗುಳಿಗೆಯಲ್ಲ, ಸೂಜಿ. ಚುಚ್ಚಿಸಿಕೊಳ್ಳಲು ಊರಿಂದ ದವಾಖಾನೆಗೆ ಮತ್ತೆ ಮತ್ತೆ ಬರಬೇಕು. ನಾಲ್ಕು ವಾರಕ್ಕೆ ಕೆಮ್ಮು ತಗ್ಗಿದರೆ ಕೂಲಿ ಬಿಟ್ಟು ಬರುವವರು ಯಾರು? ಅರ್ಧಕ್ಕೆ ಬಿಟ್ಟ ಮದ್ದು ಎಸ್12 ಬದಲಾದ ರೋಗಾಣುಗಳಿಗೆ ದಾರಿ ಬಿಟ್ಟುಕೊಟ್ಟಿತು. 1993ರಲ್ಲಿ ಕ್ಷಯರೋಗಾಣುವಿನಲ್ಲೇ ಆ ಬದಲಾವಣೆ ಸಿಕ್ಕಿತು. 1998ರಲ್ಲಿ ಎರಿಕ್ ಬಟ್ಗರ್ ಗುಂಪು ಗಮನಿಸಿದ್ದು ಇನ್ನೂ ಕಳವಳದ್ದು: ಪ್ರಯೋಗಾಲಯದಲ್ಲಿ ಮದ್ದಿಗೆ ಜಗ್ಗದ ಬದಲಾವಣೆ ಹಲವು ಬಗೆ, ಅವುಗಳಲ್ಲಿ ಬಹಳಷ್ಟು ರೋಗಾಣುವನ್ನು ನಿಧಾನ ಮಾಡುತ್ತವೆ. ರೋಗಿಗಳ ಕಫದಲ್ಲಿ ಸಿಗುವುದು ಮಾತ್ರ ಹೆಚ್ಚು ಕಡಿಮೆ ಒಂದೇ ಬಗೆ, ವೇಗಕ್ಕೆ ಯಾವ ಧಕ್ಕೆಯನ್ನೂ ತಾರದ ಬದಲಾವಣೆ.

ಸೂಜಿ ತಗೊಂಡ ಕೆಲವರಿಗೆ ಕ್ಷಯ ಹೋಯಿತು, ಕಿವಿಯೂ ಹೋಯಿತು. ನಮ್ಮ ಜೀವಕೋಶದ ಮೈಟೊಕಾಂಡ್ರಿಯಾ ಪುರಾತನ ಬ್ಯಾಕ್ಟೀರಿಯಾದ ಸಂತತಿ, ಅದರ ರೈಬೋಸೋಮ್‌ಗೂ ಬ್ಯಾಕ್ಟೀರಿಯಾದ ಹೋಲಿಕೆ ಇದೆ. ಮೈಟೊಕಾಂಡ್ರಿಯಾದ ಡಿಎನ್‌ಎಯಲ್ಲಿ 1555ನೇ ಸ್ಥಾನದ ಒಂದಕ್ಷರ ಬದಲಾದ ಮನೆತನಗಳಲ್ಲಿ ಆ ಹೋಲಿಕೆ ಇನ್ನೂ ಹೆಚ್ಚು. ತಾಯಿಯಿಂದ ಮಕ್ಕಳಿಗೆ ಬರುವ ಈ ಬದಲಾವಣೆಯನ್ನು 1993ರಲ್ಲಿ ಗುರುತಿಸಿದರು. ಅಂಥವರಲ್ಲಿ ಸ್ಟ್ರೆಪ್ಟೊಮೈಸಿನ್ ಗುಂಪಿನ ಮದ್ದು ಒಳಕಿವಿಯ ಕೋಶಗಳಲ್ಲೂ ಅದೇ ಕೇಡು ಮಾಡುತ್ತದೆ. ಈಗ ಕ್ಷಯದ ಚಿಕಿತ್ಸೆಯಲ್ಲಿ ಸ್ಟ್ರೆಪ್ಟೊಮೈಸಿನ್ ಬಹುತೇಕ ಹಿಂದೆ ಸರಿದಿದೆ; ಅದೇ ಗುಂಪಿನ ಕನಾಮೈಸಿನ್ ಸೂಜಿಯ ಜಾಗಕ್ಕೂ ಗುಳಿಗೆಗಳು ಬಂದಿವೆ.

ದವಾಖಾನೆಯಿಂದ ಹೊರಬಿದ್ದದ್ದು ಹೊಲದಲ್ಲಿ ಉಳಿಯಿತು. ದಾಳಿಂಬೆಗೆ ದುಂಡಾಣು ಅಂಗಮಾರಿ ಬಂದು ವಿಜಯಪುರ, ಬಾಗಲಕೋಟೆ, ಕೊಪ್ಪಳದ ತೋಟಗಳು ಹಾಳಾದಾಗ ರೈತರ ಕೈಗೆ ಬಂದದ್ದು ಆರು ಗ್ರಾಂನ ಸ್ಟ್ರೆಪ್ಟೋಸೈಕ್ಲಿನ್ ಪೊಟ್ಟಣ. ಅದರಲ್ಲಿ ಒಂಬತ್ತು ಪಾಲು ಸ್ಟ್ರೆಪ್ಟೊಮೈಸಿನ್, ಒಂದು ಪಾಲು ಟೆಟ್ರಾಸೈಕ್ಲಿನ್. ಕ್ಷಯರೋಗಿಯ ಮೈಗೆ ಅಳೆದು ಕೊಡುತ್ತಿದ್ದ ಮದ್ದನ್ನು ತಾಮ್ರದ ಪುಡಿಯ ಜೊತೆ ಡ್ರಮ್ಮಿನಲ್ಲಿ ಕಲಸಿ ಗಾಳಿಗೆ ಹೊಡೆದೆವು. ಕೃಷಿಯಲ್ಲಿ ಈ ಎರಡನ್ನೂ ನಿಷೇಧಿಸುವ ಕರಡು ಆದೇಶವನ್ನು ಕೇಂದ್ರ ಸರಕಾರ ಹೊರಡಿಸಿದ್ದು 2021ರ ಡಿಸೆಂಬರ್‌ನಲ್ಲಿ.

ಓದಿನ ತಪ್ಪಿನ ಶೋಧ ಮಾತ್ರ ನಿಲ್ಲಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಮೇಶ್ ವಾರ್ಷ್ನೇಯ ಹಿಡಿದದ್ದು ಓದಿನ ಮೊದಲ ಅಕ್ಷರವನ್ನು. ಪ್ರೋಟೀನ್ ಎಲ್ಲಿಂದ ಶುರುವಾಗಬೇಕೆಂದು ನಿರ್ಧರಿಸುವ ಟಿ-ಆರ್‌ಎನ್‌ಎ ಬೇರೆ, ಅದರ ಕಾಂಡದಲ್ಲಿ ಸಾಲಾಗಿ ಮೂರು ಜಿ–ಸಿ ಜೋಡಿಗಳಿವೆ. ಇ. ಕೋಲಿಯಲ್ಲಿ ಇದರ ಜೀನ್ ನಾಲ್ಕು ಪ್ರತಿ. ಪ್ರತಿ ಕಡಿಮೆ ಮಾಡಿದರೆ ಶುರು ಮಾಡುವ ಜಾಗಕ್ಕೆ ಹಕ್ಕಿಲ್ಲದವರೂ ಬಂದು ಕೂರುತ್ತಾರೆ ಎಂದು ಅವರ ಗುಂಪು 2011ರಲ್ಲಿ ತೋರಿಸಿತು. ನಿಖರತೆ ಬರೀ ಹೊಂದಾಣಿಕೆಯ ಮಾತಲ್ಲ, ಸರಿಯಾದವರು ಸಾಕಷ್ಟು ಸಂಖ್ಯೆಯಲ್ಲಿರಬೇಕು. ಕಲಬುರಗಿಯವರಿಗೆ ಬೆಂಗಳೂರಿಗಿಂತ ಹತ್ತಿರವಾದ ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದಲ್ಲಿ (ಸಿಸಿಎಂಬಿ) ರಾಜನ್ ಶಂಕರನಾರಾಯಣನ್, ಎಡಬಲ ತಿರುಗಿದ ಅಮೈನೋ ಆಮ್ಲಗಳು ಪ್ರೋಟೀನ್‌ಗೆ ಸೇರದಂತೆ ತೆಗೆದುಹಾಕುವ ಕಿಣ್ವದ ಗುಟ್ಟು ಬಿಡಿಸಿದರು.

ಇವೆಲ್ಲದರ ನಡುವೆ ಕ್ಷಯರೋಗಾಣುವಿನ ಬಗ್ಗೆ 2014ರಲ್ಲಿ ಬಾಬಕ್ ಜಾವಿದ್ ಗುಂಪು ಹೇಳಿದ್ದು ಹಳೆಯ ಕಥೆಯನ್ನು ತಲೆಕೆಳಗು ಮಾಡಿತು. ಈ ಜಾತಿಯ ಬ್ಯಾಕ್ಟೀರಿಯಾ ಮದ್ದಿಲ್ಲದೆಯೇ, ತನ್ನ ಪಾಡಿಗೆ ತಾನು, ಕೆಲವು ಅಕ್ಷರಗಳನ್ನು ಗಣನೀಯವಾಗಿ ತಪ್ಪು ಓದುತ್ತದೆ. ಆ ತಪ್ಪಿನಿಂದ ಒಂದೇ ಬರಹದಿಂದ ಬೇರೆ ಬೇರೆ ಬಗೆಯ ಪ್ರೋಟೀನ್ ಹುಟ್ಟುತ್ತವೆ. ಅವುಗಳಲ್ಲಿ ಕೆಲವು ಇಂದಿನ ಮುಖ್ಯ ಮದ್ದು ರಿಫಾಂಪಿಸಿನ್‌ಗೆ ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಡಿಎನ್‌ಎ ಒಂದಕ್ಷರವೂ ಬದಲಾಗದೆ ಕೆಲವು ರೋಗಾಣು ಮದ್ದು ದಾಟಿ ಬದುಕುತ್ತವೆ. ಸ್ಟ್ರೆಪ್ಟೊಮೈಸಿನ್ ತಪ್ಪನ್ನು ಹೇರಿ ಕೊಲ್ಲುತ್ತಿತ್ತು. ಇಲ್ಲಿ ತಪ್ಪು ಕಡಿಮೆ ಪ್ರಮಾಣದಲ್ಲಿದ್ದು ಕಾಪಾಡುತ್ತದೆ.

ಹಾಗಾದರೆ ಓದನ್ನು ಸರಿಪಡಿಸಿದರೆ? 2018ರಲ್ಲಿ ಅದೇ ಗುಂಪು, ರೈಬೋಸೋಮ್‌ನ ತಪ್ಪು ಕಡಿಮೆ ಮಾಡುವ ಕಸುಗಾಮೈಸಿನ್ ಜೊತೆಗಿದ್ದರೆ ರಿಫಾಂಪಿಸಿನ್ ಹೆಚ್ಚು ಕೊಲ್ಲುತ್ತದೆಂದು ತೋರಿಸಿತು, ಇಲಿಗಳಲ್ಲೂ. ಮನುಷ್ಯರ ಕ್ಷಯಕ್ಕೆ ಅದಿನ್ನೂ ಮದ್ದಾಗಿಲ್ಲ. ತುಂಗಭದ್ರಾ ಬಯಲಿನ ಭತ್ತದ ರೈತರಿಗೆ ಆ ಹೆಸರು ಹೊಸದಲ್ಲ: ಬೆಂಕಿ ರೋಗಕ್ಕೆ ಹೊಡೆಯುವ ಔಷಧಿಗಳಲ್ಲಿ ಅದೂ ಒಂದು, ಗೊಬ್ಬರದಂಗಡಿಯಲ್ಲಿ ಸಿಗುತ್ತದೆ.